ಸಂಶೋಧನೆಯ ಹಣಕ್ಕೆ ಹೊಸ್ತಿಲು ಎಷ್ಟು ಎತ್ತರವಿರಬೇಕು?

ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಮಂಜೂರಾದಾಗ ಪತ್ರಿಕೆಯಲ್ಲಿ ಪ್ರಾಧ್ಯಾಪಕರ ಭಾವಚಿತ್ರ ಬರುತ್ತದೆ. ಹಣ ಮಾತ್ರ ಅವರ ಹೆಸರಿಗೆ ಬರುವುದಿಲ್ಲ, ಅವರು ಕೆಲಸ ಮಾಡುವ ಸಂಸ್ಥೆಯ ಖಾತೆಗೆ ಬರುತ್ತದೆ. ಉಪಕರಣಕ್ಕೆ ಟೆಂಡರ್ ಕರೆಯುವುದು ಸಂಸ್ಥೆ. ಬಂದ ಉಪಕರಣ ಏರುವುದು ಸಂಸ್ಥೆಯ ದಾಸ್ತಾನು ಪುಸ್ತಕಕ್ಕೆ. ಜೂನಿಯರ್ ರಿಸರ್ಚ್ ಫೆಲೋ (ಜೆಆರ್‌ಎಫ್) ಹುಡುಗಿಯ ಫೆಲೋಶಿಪ್ ಕಡತಕ್ಕೆ ಸಹಿ ಬೀಳಬೇಕಾದದ್ದು ಹಣಕಾಸು ಅಧಿಕಾರಿಯ ಮೇಜಿನ ಮೇಲೆ. ವರ್ಷದ ಕೊನೆಗೆ ಯುಸಿ, ಅಂದರೆ ಹಣಬಳಕೆ ಪ್ರಮಾಣಪತ್ರ ಕಳಿಸುವ ಹೊಣೆಯೂ ಸಂಸ್ಥೆಯದೇ. ಪ್ರೊಫೆಸರ್ ಊರು ಬಿಟ್ಟು ಹೋದರೂ ಲೆಕ್ಕ ಕೇಳುವವರು ಸಂಸ್ಥೆಯ ಬಾಗಿಲಿಗೇ ಬರುತ್ತಾರೆ. ಹಾಗಾಗಿ ಪ್ರಪೋಸಲ್ ಎಷ್ಟು ಚೆನ್ನಾಗಿದೆ ಎಂದು ನೋಡುವ ಮೊದಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಸಾರ್ವಜನಿಕರ ಹಣ ಹಿಡಿಯುವ ಯೋಗ್ಯತೆ ಈ ಸಂಸ್ಥೆಗೆ ಇದೆಯೇ?

ಈ ಪ್ರಶ್ನೆಗೆ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಸ್ಟಾಫ್ ರೂಮಿನಲ್ಲಿ ಒಂದೇ ಮಾತಿನ ರೂಪವಿದೆ: "ನಿಮ್ಮದು ಟ್ವೆಲ್ವ್ ಬಿ ಆಗಿದೆಯಾ?"

1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ 2ಎಫ್ ಕಲಮು ಯಾವುದು ವಿಶ್ವವಿದ್ಯಾಲಯ, ಯಾವ ಕಾಲೇಜಿಗೆ ಮಾನ್ಯತೆ ಎಂದು ಹೇಳುತ್ತದೆ. ಅಷ್ಟಾದರೆ ಹೆಸರು ಬಂತು, ಹಣ ಬರಲಿಲ್ಲ. ಹಣದ ಮಾತು ಬರುವುದು 1972ರ ತಿದ್ದುಪಡಿಯಲ್ಲಿ ಸೇರಿದ 12ಬಿ ಕಲಮಿನಲ್ಲಿ. ಆ ತಿದ್ದುಪಡಿಯ ನಂತರ ಹುಟ್ಟಿದ ವಿಶ್ವವಿದ್ಯಾಲಯಕ್ಕೆ, ಅದು ಅನುದಾನಕ್ಕೆ ಯೋಗ್ಯ ಎಂದು ಯುಜಿಸಿ ಘೋಷಿಸುವ ತನಕ, ಕೇಂದ್ರ ಸರ್ಕಾರವಾಗಲಿ, ಯುಜಿಸಿಯಾಗಲಿ, ಕೇಂದ್ರದ ಹಣ ಪಡೆಯುವ ಬೇರೆ ಯಾವ ಸಂಸ್ಥೆಯೇ ಆಗಲಿ ಅನುದಾನ ಕೊಡುವಂತಿಲ್ಲ. ಮೈಸೂರು (1916), ಧಾರವಾಡದ ಕರ್ನಾಟಕ (1949), ಬೆಂಗಳೂರು (1964) ವಿಶ್ವವಿದ್ಯಾಲಯಗಳು ಮೊದಲೇ ಹುಟ್ಟಿದ್ದರಿಂದ ಈ ಪರೀಕ್ಷೆಯಿಂದ ಪಾರಾದವು. ಮಂಗಳೂರು, ಗುಲಬರ್ಗಾ (1980), ಕುವೆಂಪು (1987) ವಿಶ್ವವಿದ್ಯಾಲಯಗಳು ಹೊಸ್ತಿಲು ದಾಟಿಯೇ ಒಳಗೆ ಬರಬೇಕಾಯಿತು. ಕಾಲೇಜುಗಳಿಗೂ ಇಂಥದೇ ಯೋಗ್ಯತಾ ನಿಯಮಗಳು 1975ರಿಂದ ಇವೆ.

12ಬಿ ಒಂದೇ ದಾರಿಯಲ್ಲ. ಖಾಸಗಿ ಸಂಸ್ಥೆ, ಟ್ರಸ್ಟು, ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಮಾನ್ಯತೆ ಎಂಬ ಇನ್ನೊಂದು ದಾರಿ 1988ರಿಂದ ಇದೆ. ಸೈರೋ ಎಂದು ಕರೆಯುವುದು ಅದನ್ನೇ. ಅದು ಬೇಕಾದರೆ ಸಂಶೋಧನೆ ಸಂಸ್ಥೆಯ ಉದ್ದೇಶಗಳಲ್ಲಿ ಒಂದೆಂದು ಕಾಗದದಲ್ಲಿರಬೇಕು, ಸಲಹಾ ಮಂಡಳಿ ಇರಬೇಕು, ಆಡಿಟ್ ಆದ ಲೆಕ್ಕ ಇರಬೇಕು. ನೀತಿ ಆಯೋಗದ ದರ್ಪಣ್ ಪೋರ್ಟಲಿನ ಸಂಖ್ಯೆಯನ್ನೂ ಕೇಳುತ್ತಾರೆ. ಕಾಯ್ದೆಯ ಮಾತು ಬಿಗಿಯಾದರೂ ವ್ಯವಹಾರ ಅಷ್ಟು ಬಿಗಿಯಾಗಿ ನಡೆದಿಲ್ಲ. ಈ ದಾರಿಗಳ ಮೂಲಕ ಖಾಸಗಿ ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಕೇಂದ್ರದ ಯೋಜನೆಗಳು ಸಿಕ್ಕಿವೆ. ಆದರೆ ಇಡೀ ವಿಭಾಗ ಕಟ್ಟುವಂಥ ದೊಡ್ಡ ಹಣದ ಮಾತು ಬಂದಾಗ ಮತ್ತೆ ಅದೇ ಪ್ರಶ್ನೆ: ಟ್ವೆಲ್ವ್ ಬಿ ಆಗಿದೆಯಾ?

ಹೊಸ್ತಿಲು ಬೇಕು ಎನ್ನುವವರ ವಾದವನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಅಧಿಕಾರಶಾಹಿಯ ಹಠ ಎಂದು ತಳ್ಳಿಹಾಕುವ ರೂಢಿ ವಿಶ್ವವಿದ್ಯಾಲಯಗಳಲ್ಲಿ ಬಲವಾಗಿದೆ.

ಛತ್ತೀಸಗಢದ ಕತೆ ನೆನಪಿಸಿಕೊಳ್ಳಿ. 2002ರಲ್ಲಿ ಆ ರಾಜ್ಯ ಖಾಸಗಿ ವಿಶ್ವವಿದ್ಯಾಲಯಗಳಿಗಾಗಿ ಒಂದು ಕಾಯ್ದೆ ಮಾಡಿತು. ಬರೀ ಅಧಿಸೂಚನೆ ಹೊರಡಿಸಿ ವಿಶ್ವವಿದ್ಯಾಲಯ ಹುಟ್ಟಿಸುವ ಅಧಿಕಾರ ಅದರಲ್ಲಿತ್ತು. ನೋಡನೋಡುತ್ತಿದ್ದಂತೆ ಅವುಗಳ ಸಂಖ್ಯೆ ನೂರು ದಾಟಿತು. ಎಷ್ಟೋ ವಿಶ್ವವಿದ್ಯಾಲಯಗಳಿಗೆ ಒಂದು ಬಾಡಿಗೆ ಕೋಣೆ ಬಿಟ್ಟರೆ ಬೇರೇನೂ ಇರಲಿಲ್ಲ. ವಿಜ್ಞಾನಿ ಯಶಪಾಲ್ ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ನ್ಯಾಯಾಲಯ ಆ ಕಾಯ್ದೆಯ ಮುಖ್ಯ ಕಲಮುಗಳನ್ನು ರದ್ದು ಮಾಡಿದ್ದರಿಂದ ಆ ವಿಶ್ವವಿದ್ಯಾಲಯಗಳು ನೆಲೆ ಕಳೆದುಕೊಂಡವು. ವಿಶ್ವವಿದ್ಯಾಲಯ ಎಂಬ ಬೋರ್ಡು ಇದ್ದ ಮಾತ್ರಕ್ಕೆ ಕೇಂದ್ರದ ಹಣ ಹೋಗುವಂತಿದ್ದರೆ ಆ ಕೋಣೆಗಳಿಗೂ ಸಂಶೋಧನಾ ಅನುದಾನ ಹೋಗಬೇಕಿತ್ತು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಇವತ್ತಿಗೂ ಪ್ರಕಟಿಸುತ್ತಲೇ ಇದೆ.

ಎರಡನೆಯ ಕಾರಣ ಲೆಕ್ಕದ್ದು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನುದಾನದ ಬಗ್ಗೆ ಏನೇನು ಕೇಳುತ್ತವೆ ಎಂದು ಓದಿದರೆ ಸಣ್ಣ ಕಾಲೇಜಿನ ಕಚೇರಿ ಸಿಬ್ಬಂದಿಗೆ ಬೆವರು ಬರುತ್ತದೆ. ಅನುದಾನದ ಮೇಲೆ ಬಂದ ಬಡ್ಡಿ ಸಂಸ್ಥೆಯದಲ್ಲ, ಅದು ಭಾರತದ ಸಂಚಿತ ನಿಧಿಗೆ ಮರಳಬೇಕು. ಉಪಕರಣದಂಥ ಆವರ್ತವಲ್ಲದ ಅನುದಾನಕ್ಕೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ನಿಗದಿತ ನಮೂನೆಯಲ್ಲಿ ಯುಸಿ ಕೊಡಬೇಕು. ಅನುದಾನದಿಂದ ಕೊಂಡ ಆಸ್ತಿಯನ್ನು ಕೇಳದೆ ಮಾರುವಂತಿಲ್ಲ, ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಲೆಕ್ಕಪುಸ್ತಕ ಮಂಜೂರು ಮಾಡಿದ ಇಲಾಖೆಗೂ ಮಹಾಲೇಖಪಾಲರಿಗೂ ತೆರೆದಿರಬೇಕು. ಪ್ರಥಮ ದರ್ಜೆ ಸಹಾಯಕರು (ಎಫ್‌ಡಿಎ) ಒಬ್ಬರು, ದ್ವಿತೀಯ ದರ್ಜೆ ಸಹಾಯಕರು (ಎಸ್‌ಡಿಎ) ಒಬ್ಬರು, ಪರೀಕ್ಷಾ ಶುಲ್ಕದ ರಶೀದಿಯಿಂದ ಹಿಡಿದು ಸಿಬ್ಬಂದಿ ಸಂಬಳದ ಬಿಲ್ಲಿನ ತನಕ ಎಲ್ಲವನ್ನೂ ಅವರೇ ನೋಡುವ ಕಾಲೇಜಿಗೆ ಅರ್ಧ ಕೋಟಿಯ ಯೋಜನೆ ಬಂದರೆ ಏನಾಗುತ್ತದೆ? ದುರುದ್ದೇಶವೇ ಬೇಕಿಲ್ಲ. ಕೊಟೇಷನ್ ಮೂರರ ಬದಲು ಎರಡೇ ಸಿಕ್ಕಿತು, ಬಡ್ಡಿ ಬೇರೆ ತೆಗೆದಿಡಲು ಮರೆಯಿತು, ಯುಸಿಗೆ ಆಡಿಟರ್ ಸಹಿ ಹಾಕಲಿಲ್ಲ, ಎರಡನೇ ಕಂತು ನಿಂತಿತು. ಯುಸಿ ಬಾಕಿ ಎಂಬುದು ಮಹಾಲೇಖಪಾಲರ ವರದಿಗಳಲ್ಲಿ ವರ್ಷ ವರ್ಷವೂ ಕಾಣುವ ಮಾತು. ಈ ಗೋಜಲಿನಲ್ಲಿ ಮೊದಲು ಸೋಲುವುದು ಸಂಶೋಧಕರೇ. ಹೊಸ್ತಿಲು ಅವರನ್ನೂ ಕಾಯುತ್ತದೆ ಎನ್ನುವ ಮಾತಿನಲ್ಲಿ ಹುರುಳಿದೆ.

ಮೂರನೆಯದು ರಾಜಕೀಯದ್ದು, ಹೆಚ್ಚು ಬೆಳೆಸಬೇಕಿಲ್ಲ. ಚುನಾವಣೆ ಹತ್ತಿರ ಬಂದಾಗ ಜಿಲ್ಲೆಗೊಂದು ವಿಶ್ವವಿದ್ಯಾಲಯ ಘೋಷಿಸುವುದು ರಾಜ್ಯಗಳಿಗೆ ಸುಲಭ. ಅದಕ್ಕೆ ಕೇಂದ್ರದ ಹಣ ತಾನಾಗಿಯೇ ಹರಿದು ಬರುವುದಿಲ್ಲ ಎಂಬ ಎಚ್ಚರವಾದರೂ ಇರಲಿ ಎಂಬುದು ಈ ಕಲಮಿನಿಂದ ಆಗುವ ಒಂದು ಉಪಕಾರ.

ಇನ್ನು ಎದುರು ವಾದ. ಅದು ಶುರುವಾಗುವುದು ಈ ಎಚ್ಚರ ಕೆಲಸ ಮಾಡಲಿಲ್ಲ ಎಂಬಲ್ಲಿಂದಲೇ.

ಕರ್ನಾಟಕದಲ್ಲಿ 2022–23ರ ಹೊತ್ತಿಗೆ ಬೀದರ್, ಹಾವೇರಿ, ಚಾಮರಾಜನಗರ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆಗಳಿಗೆ ಒಂದೊಂದು ಹೊಸ ವಿಶ್ವವಿದ್ಯಾಲಯ ಬಂತು. ಬಹುಪಾಲು ಹಳೆಯ ಸ್ನಾತಕೋತ್ತರ ಕೇಂದ್ರಗಳಿಗೇ ಹೊಸ ಹೆಸರು. ಕಾಯಂ ಅಧ್ಯಾಪಕರು ಬೆರಳೆಣಿಕೆ, ಪಾಠದ ಭಾರ ಅತಿಥಿ ಉಪನ್ಯಾಸಕರ ಮೇಲೆ. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಇವುಗಳಲ್ಲಿ ಹೆಚ್ಚಿನವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಕಷ್ಟ ಎಂಬ ಅಭಿಪ್ರಾಯಕ್ಕೆ ಬಂತು. ಈಗ ಅಲ್ಲಿ ಕೆಲಸ ಮಾಡುವ ಒಬ್ಬ ಯುವ ರಸಾಯನಶಾಸ್ತ್ರಜ್ಞೆಯ ಸ್ಥಿತಿ ಊಹಿಸಿ. ಅಧ್ಯಾಪಕರಿಲ್ಲ, ಕಟ್ಟಡವಿಲ್ಲ, ಪ್ರಯೋಗಾಲಯವಿಲ್ಲ, ಆದ್ದರಿಂದ ಯೋಗ್ಯತೆ ಇಲ್ಲ. ಯೋಗ್ಯತೆ ಇಲ್ಲ, ಆದ್ದರಿಂದ ಅವುಗಳನ್ನು ಕಟ್ಟಿಕೊಳ್ಳಲು ಹಣವಿಲ್ಲ. ತಪ್ಪು ಮಾಡಿದ್ದು ವಿಧಾನಸೌಧ, ಬಾಗಿಲು ಹಾಕಿದ್ದು ದೆಹಲಿ, ಹೊರಗೆ ನಿಂತದ್ದು ಆಕೆ. ಐಐಎಸ್ಸಿಯಲ್ಲೇ ಪಿಎಚ್‌ಡಿ ಮಾಡಿ ಬಂದಿದ್ದರೂ ಅವಳ ಅರ್ಜಿಗೆ ಅವಳ ಸಂಸ್ಥೆಯ ಭಾರ ಬೀಳುತ್ತದೆ.

ದೇಶದ ಲೆಕ್ಕ ನೋಡಿದರೂ ಇದೇ ಚಿತ್ರ. ನೀತಿ ಆಯೋಗ 2025ರ ಫೆಬ್ರುವರಿಯಲ್ಲಿ ಹೊರತಂದ ವರದಿಯ ಪ್ರಕಾರ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಸುಮಾರು ಶೇ 81ರಷ್ಟು ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳ ವ್ಯಾಪ್ತಿಯಲ್ಲಿ ಓದುತ್ತಿದ್ದಾರೆ. ಆದರೆ ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಹಣದಲ್ಲಿ ಶೇ 65ರಷ್ಟು ಐಐಟಿಗಳಿಗೂ ಕೇವಲ ಶೇ 11ರಷ್ಟು ರಾಜ್ಯ ವಿಶ್ವವಿದ್ಯಾಲಯಗಳಿಗೂ ಹೋಗುತ್ತಿದೆ ಎಂದು 2023ರಲ್ಲಿ ಸರ್ಕಾರದ ಕಡೆಯವರೇ ಹೇಳಿದರು. ಈ ಅಂತರ ತಗ್ಗಿಸುತ್ತೇವೆ ಎಂಬ ಮಾತಿನೊಂದಿಗೇ ಆ ಮಂಡಳಿಯನ್ನು ಒಳಗೊಂಡು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಎಎನ್‌ಆರ್‌ಎಫ್, ಬಂತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬ ಘೋಷಣೆ ದೊಡ್ಡದು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕು ಎಂಬುದನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳಿದರು. ಶೇ 65 ಮತ್ತು ಶೇ 11ರ ನಡುವಿನ ಕಂದಕಕ್ಕೆ ಯೋಗ್ಯತಾ ನಿಯಮಗಳಷ್ಟೇ ಕಾರಣ ಎಂದರೆ ಅದು ಅನ್ಯಾಯದ ಮಾತಾದೀತು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿವೆ, ಒಳ್ಳೆಯ ಪ್ರಪೋಸಲುಗಳೇ ಕಡಿಮೆ ಹೋಗುತ್ತವೆ. ಆದರೂ ಒಳಗಿದ್ದವರಿಗೆ ಹಣ, ಹಣದಿಂದ ಪ್ರಬಂಧ, ಪ್ರಬಂಧದಿಂದ ರ‍್ಯಾಂಕು, ರ‍್ಯಾಂಕಿನಿಂದ ಮತ್ತೆ ಹಣ ಎಂಬ ಸುತ್ತು ನಿಜ.

ಹೊಸ್ತಿಲಲ್ಲಿ ಕಾವಲು ಕೂತವರ ಮೇಲೂ ಪೂರ್ತಿ ನಂಬಿಕೆ ಇಡುವ ಸ್ಥಿತಿ ಇಲ್ಲ. ಅನುದಾನದ ಎಷ್ಟೋ ಯೋಜನೆಗಳು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಶ್ರೇಣಿ ಕೇಳುತ್ತವೆ. ಅದೇ ನ್ಯಾಕ್‌ನ ಪರಿಶೀಲನಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ 2025ರ ಫೆಬ್ರುವರಿಯಲ್ಲಿ ಸಿಬಿಐ ಬಂಧಿಸಿತು. ಆಂಧ್ರದ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದರು ಎಂಬುದು ಆರೋಪ.  ಆರೋಪ ನ್ಯಾಯಾಲಯದಲ್ಲಿ ಏನಾಗುತ್ತದೋ ಕಾದು ನೋಡಬೇಕು. ಆದರೆ ತಂಡ ಬರುವ ವಾರ ಗೋಡೆಗೆ ಸುಣ್ಣ, ಹಾದಿಗೆ ಹೂಕುಂಡ, ಗ್ರಂಥಾಲಯಕ್ಕೆ ಹೊಸ ಪುಸ್ತಕ ಬರುವುದನ್ನು ಕಂಡವರಿಗೆ ಯೋಗ್ಯತೆಯ ಪ್ರಮಾಣಪತ್ರ ಹೇಗೆ ಹುಟ್ಟುತ್ತದೆ ಎಂಬುದು ಹೊಸ ಸುದ್ದಿಯಲ್ಲ.

ಎರಡೂ ಕಡೆಯವರ ವಾದ ಕೇಳಿದ ಮೇಲೆ ನನಗೆ ಅನಿಸುವುದು, ಹೊಸ್ತಿಲಿನ ಎತ್ತರಕ್ಕಿಂತ ಅಲ್ಲಿ ಕೇಳುವ ಪ್ರಶ್ನೆಗಳ ಬಗ್ಗೆ ಜಗಳ ನಡೆಯಬೇಕಿತ್ತು. ಎಕರೆ ಎಷ್ಟು, ಕಟ್ಟಡ ಎಷ್ಟು, ಸಂಯೋಜನೆ ಶಾಶ್ವತವೋ ತಾತ್ಕಾಲಿಕವೋ, ಶ್ರೇಣಿ ಯಾವುದು? ಇವು ಸಂಸ್ಥೆ ನಿಜವೋ ಸುಳ್ಳೋ ಎಂದು ಹೇಳುತ್ತವೆ, ಛತ್ತೀಸಗಢದ ಬಾಡಿಗೆ ಕೋಣೆಯನ್ನು ಹೊರಗಿಡುತ್ತವೆ. ಆದರೆ ಹಣ ನಿಭಾಯಿಸುವ ಸಾಮರ್ಥ್ಯ ಇದೆಯೇ ಎಂದು ಹೇಳುವುದಿಲ್ಲ. ಹಣಕಾಸು ಅಧಿಕಾರಿಯ ಹುದ್ದೆಯಲ್ಲಿ ಕಾಯಂ ಆಗಿ ಯಾರಾದರೂ ಇದ್ದಾರೆಯೇ? ಯೋಜನೆಗಳ ಲೆಕ್ಕಕ್ಕೆ ಬೇರೆ ಸಿಬ್ಬಂದಿ ಇದೆಯೇ? ಹೋದ ಮೂರು ವರ್ಷದ ಆಡಿಟ್ ಆಕ್ಷೇಪಗಳಿಗೆ ಉತ್ತರ ಹೋಗಿದೆಯೇ? ಫೆಲೋಶಿಪ್ ತಿಂಗಳಿಗೆ ಸರಿಯಾಗಿ ಬೀಳುತ್ತದೆಯೇ? ಇವು ಹೊಸ್ತಿಲಲ್ಲಿ ಮುಖ್ಯ ಪ್ರಶ್ನೆಗಳಾಗಿಲ್ಲ.

ಒಳಗೆ ಹೋದವರ ಪಾಡನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಯೋಗ್ಯತೆಯ ವಿಷಯದಲ್ಲಿ ಐಐಟಿ ದೆಹಲಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಅಂಥ ಸಂಸ್ಥೆಗೂ 2024ರಲ್ಲಿ, ಸಂಶೋಧನಾ ಅನುದಾನಕ್ಕೆ ಜಿಎಸ್‌ಟಿ ಕಟ್ಟಿಲ್ಲ ಎಂದು ನೋಟಿಸ್ ಬಂತು. ಗದ್ದಲವಾದ ಮೇಲೆ ಆ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯ 54ನೇ ಸಭೆ ವಿನಾಯಿತಿ ಕೊಟ್ಟಿತು. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ ಇದ್ದ ಶೇ 5ರ ರಿಯಾಯಿತಿ ದರ 2022ರ ಜುಲೈಯಲ್ಲಿ ಹೋಗಿ ಸಾಮಾನ್ಯವಾಗಿ ಶೇ 18 ಆಗಿದ್ದರಿಂದ, ಅದಕ್ಕೂ ಮೊದಲು ಮಂಜೂರಾಗಿದ್ದ ಬಜೆಟ್ಟುಗಳು ರಾತ್ರೋರಾತ್ರಿ ಕುಗ್ಗಿದ್ದವು. ಅದೇ ವರ್ಷ ಬಂದ ಶೂನ್ಯ ಶಿಲ್ಕಿನ ಉಪಖಾತೆಯ ಪದ್ಧತಿಯಲ್ಲಿ ಹಣ ಸಂಸ್ಥೆಯ ಬಳಿ ನಿಲ್ಲುವುದೇ ಇಲ್ಲ, ಖರ್ಚಿನ ಮಿತಿ ಮಾತ್ರ ಬರುತ್ತದೆ, ಮಾರ್ಚ್ 31ಕ್ಕೆ ಅದೂ ಅಳಿಸಿಹೋಗುತ್ತದೆ. ಬಡ್ಡಿ ಪೋಲಾಗುವುದು ತಪ್ಪಿತು, ಸರ್ಕಾರಕ್ಕೆ ಅದು ಲಾಭವೇ. ಅತ್ತ ಏಪ್ರಿಲಿನಿಂದ ಹೊಸ ಮಿತಿ ಬರುವ ತನಕ ಫೆಲೋಗಳು ಮನೆಯಿಂದ ಹಣ ತರಿಸಿಕೊಂಡರು. ಹೊಸ್ತಿಲು ದಾಟಿಸಿದ ಮೇಲೂ ಸಂಸ್ಥೆಯನ್ನು ನಂಬದೇ ಇದ್ದರೆ ಹೊಸ್ತಿಲು ಯಾಕೆ? ಈ ಪ್ರಶ್ನೆ ಸರ್ಕಾರಕ್ಕೂ ತಟ್ಟಿರಬೇಕು. 2025ರ ಜೂನಿನಲ್ಲಿ ನಿರ್ದೇಶಕರಿಗೂ ಕುಲಪತಿಗಳಿಗೂ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನ ಹೊರಗೆ ಕೊಳ್ಳುವ ಅಧಿಕಾರ ಬಂತು; ಕೊಟೇಷನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು.

ಅಮೆರಿಕದವರು ಇನ್ನೊಂದು ದಾರಿ ಹಿಡಿದಿದ್ದಾರೆ. ಅಲ್ಲಿ ನಮ್ಮ 12ಬಿಯಂಥ ಘೋಷಣೆ ಇಲ್ಲ. ಒಕ್ಕೂಟ ಸರ್ಕಾರದ ಪೋರ್ಟಲಿನಲ್ಲಿ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆದರೆ ಸಣ್ಣ ಕಾಲೇಜೂ ಅರ್ಜಿ ಹಾಕಬಹುದು. ಹಣ ಕೊಡುವ ಮುನ್ನ ಇಲಾಖೆ ಸಂಸ್ಥೆಯ ಹಿಂದಿನ ನಡವಳಿಕೆ ನೋಡಿ ಅಪಾಯ ಅಂದಾಜು ಮಾಡುತ್ತದೆ, ಅನುಮಾನವಿದ್ದರೆ ಬಿಗಿ ಷರತ್ತು ಹಾಕುತ್ತದೆ. ಒಂದು ವರ್ಷದಲ್ಲಿ ಒಕ್ಕೂಟದ ಹಣ ಇಷ್ಟಕ್ಕಿಂತ ಹೆಚ್ಚು ಖರ್ಚಾದರೆ ಸ್ವತಂತ್ರ ಆಡಿಟ್ ಕಡ್ಡಾಯ. ಆ ಮಿತಿ ಬಹುಕಾಲ 7.5 ಲಕ್ಷ ಡಾಲರ್ ಇತ್ತು, 2024ರ ಪರಿಷ್ಕರಣೆಯಲ್ಲಿ 10 ಲಕ್ಷಕ್ಕೆ ಏರಿತು. ಬಾಗಿಲು ಅಗಲ, ಒಳಗಿನ ಕಣ್ಣು ಚುರುಕು. ಹಾಗೆಂದು ಅದನ್ನು ಹೊಗಳಿ ಮುಗಿಸುವಂತಿಲ್ಲ. 1990–91ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಒಂದು ವಿಹಾರ ನೌಕೆಯ ಸವಕಳಿಯನ್ನೂ ಸಂಶೋಧನೆಯ ಓವರ್‌ಹೆಡ್, ಅಂದರೆ ಪರೋಕ್ಷ ವೆಚ್ಚದ, ಲೆಕ್ಕಕ್ಕೆ ಸೇರಿಸಿದ್ದು ಹೊರಬಿತ್ತು. ಸಂಸತ್ತಿನ ವಿಚಾರಣೆ ನಡೆದು ಓವರ್‌ಹೆಡ್ ದರ ಕತ್ತರಿಸಿದರು, ವಿಶ್ವವಿದ್ಯಾಲಯದ ಅಧ್ಯಕ್ಷ ಡೊನಾಲ್ಡ್ ಕೆನಡಿ ಹುದ್ದೆ ಬಿಡಬೇಕಾಯಿತು. ಜಗತ್ತಿನ ಅತಿ ಯೋಗ್ಯ ಸಂಸ್ಥೆಯೂ ಲೆಕ್ಕದಲ್ಲಿ ಜಾರಬಹುದು. ಅಲ್ಲಿ ಜಾರಿದ್ದು ಸಿಕ್ಕಿತು, ಬೆಲೆ ತೆರಬೇಕಾಯಿತು ಎಂಬುದೇ ಆ ಪದ್ಧತಿಯ ಬಲ. ಯುಸಿ ಬಾಕಿ ಉಳಿದರೂ ಪತ್ರ ವ್ಯವಹಾರದಲ್ಲೇ ವರ್ಷಗಳು ಸವೆಯುವ ನಮ್ಮಲ್ಲಿ ಬಾಗಿಲನ್ನಷ್ಟೇ ಅಗಲ ಮಾಡಿದರೆ ಅರ್ಧ ಮಾತ್ರ ನಕಲು ಮಾಡಿದಂತಾಗುತ್ತದೆ.

ನಡುದಾರಿಯ ಪ್ರಯತ್ನಗಳು ಇಲ್ಲವೆಂದಲ್ಲ. ಎಎನ್‌ಆರ್‌ಎಫ್‌ನ 'ಪೇರ್' ಯೋಜನೆಯಲ್ಲಿ ಮುಂಚೂಣಿಯ ಒಂದು ಸಂಸ್ಥೆ ಹಬ್, ಅದರ ಜೊತೆ ಹಲವು ವಿಶ್ವವಿದ್ಯಾಲಯಗಳು ಸ್ಪೋಕ್. ರಾಜ್ಯ ವಿಶ್ವವಿದ್ಯಾಲಯಗಳನ್ನು ಹೀಗೆ ಒಳಗೆ ತರುವ ಉದ್ದೇಶ ಒಳ್ಳೆಯದು. ಆದರೆ ಮೊದಲ ಹಂತದಲ್ಲಿ ಹಬ್ ಆಗಲೂ ಸ್ಪೋಕ್ ಆಗಲೂ ಕೇಂದ್ರದ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್ ರ‍್ಯಾಂಕನ್ನೇ ಕೇಳಿದ್ದಾರೆ. ಹಾಸನ, ಕೊಪ್ಪಳಗಳಿಗೆ ಈ ಬಾಗಿಲೂ ತೆರೆಯಲಿಲ್ಲ. ಹಬ್ ಆದವರು ಜಮೀನ್ದಾರರಾಗಿ ಸ್ಪೋಕುಗಳು ಗೇಣಿದಾರರಾದಾವು ಎಂಬ ಅಂಜಿಕೆಯೂ ಅಧ್ಯಾಪಕರಲ್ಲಿದೆ. ನಮ್ಮ ರಾಜ್ಯದ್ದೇ ಆದ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್ ಕೆ–ಫಿಸ್ಟ್ ಎಂಬ ಯೋಜನೆಯಲ್ಲಿ ಪದವಿ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳಿಗೆ ಪ್ರಯೋಗಾಲಯಕ್ಕಾಗಿ ಲಕ್ಷಗಳ ಲೆಕ್ಕದಲ್ಲಿ ಹಣ ಕೊಡುತ್ತ ಬಂದಿದೆ. ಮೊತ್ತ ಸಣ್ಣದು. ಆದರೂ ಸಣ್ಣ ಹಣ ಹಿಡಿದು, ಲೆಕ್ಕ ಒಪ್ಪಿಸಿ, ದೊಡ್ಡದಕ್ಕೆ ತಯಾರಾಗುವ ಅವಕಾಶ ಅಲ್ಲಿದೆ. ನನ್ನ ಮಟ್ಟಿಗೆ ಇಡೀ ವಾದದಲ್ಲಿ ಹೆಚ್ಚು ಬೆಲೆ ಬಾಳುವ ಮಾದರಿ ಇದು.

ಕೋಟಿಗಟ್ಟಲೆಯ ಹಣಕ್ಕೆ ಹೊಸ್ತಿಲು ಎತ್ತರವಾಗಿಯೇ ಇರಲಿ, 12ಬಿಯನ್ನು ಕಿತ್ತೊಗೆಯಬೇಕಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕೊಡುವ ಅನುದಾನದ ಮಾತು ಬೇರೆ. ಎಎನ್‌ಆರ್‌ಎಫ್‌ನ ಪ್ರಧಾನಮಂತ್ರಿ ಆರಂಭಿಕ ಸಂಶೋಧನಾ ಅನುದಾನ ಮೂರು ವರ್ಷಕ್ಕೆ 60 ಲಕ್ಷ ರೂಪಾಯಿ. ಅಂಥದಕ್ಕೆ ಸಂಶೋಧಕಿಯ ಯೋಗ್ಯತೆ ನೋಡಿ, ಲೆಕ್ಕದ ಹೊಣೆಯನ್ನು ಒಪ್ಪಂದದ ಮೂಲಕ ಹತ್ತಿರದ ಅರ್ಹ ವಿಶ್ವವಿದ್ಯಾಲಯದ ಹಣಕಾಸು ವಿಭಾಗಕ್ಕೆ ವಹಿಸಬಹುದು. ಉಪಕರಣ ಅವಳ ವಿಭಾಗದಲ್ಲೇ ಇರಲಿ, ಓವರ್‌ಹೆಡ್ ಎರಡೂ ಸಂಸ್ಥೆಗಳಿಗೆ ಹಂಚಿಹೋಗಲಿ. ಇದರಿಂದ ಆ ಅರ್ಹ ವಿಶ್ವವಿದ್ಯಾಲಯದವರ ದರ್ಪ ಹೆಚ್ಚಬಹುದು, ಎರಡು ಕಚೇರಿಗಳ ನಡುವೆ ಕಡತ ಅಲೆಯಬಹುದು. ಆ ನಷ್ಟ ಒಪ್ಪಿಕೊಂಡೇ ಹೇಳುತ್ತಿದ್ದೇನೆ, ಹಣವೇ ಸಿಗದಿರುವುದಕ್ಕಿಂತ ಅದು ಮೇಲು.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಿಕೊಳ್ಳುವುದಾದರೆ ಶಿಲಾನ್ಯಾಸಕ್ಕೆ ಮೊದಲು ಹಣಕಾಸು ಅಧಿಕಾರಿ, ಕುಲಸಚಿವರು, ಕಾಯಂ ಅಧ್ಯಾಪಕರ ಹುದ್ದೆ ತುಂಬಿ. ಉಳಿಸಿಕೊಳ್ಳುವುದಿಲ್ಲವಾದರೆ ಈಗಲೇ ಹೇಳಿ, ಅಲ್ಲಿನವರು ತಮ್ಮ ಅರ್ಜಿಯನ್ನು ಬೇರೆ ಸಂಸ್ಥೆಯ ಹೆಸರಿನಲ್ಲಾದರೂ ಹಾಕಿಕೊಳ್ಳಲಿ.